ಕಾಗದದ ಹೂವಿಗೆ ನೀರು

ಜನವರಿ 19, ಭಾನುವಾರ

ದೇವಾನಾಂಪ್ರಿಯನಾದ ಚಿರಂಜೀವಿಯು ಹೀಗೆ ಹೇಳುತ್ತಾನೆ.

ಅಶೋಕ ಚಕ್ರವರ್ತಿ ನಮ್ಮ ಜಟಿಂಗ ರಾಮೇಶ್ವರದ ಬಂಡೆಯ ಮೇಲೆ ಬರೆಸಿದ. ನನಗೆ ಬಂಡೆ ಸಿಗದ ಕಾರಣ ಲಾಂಗ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಅದೇ ಅಶೋಕನ ಕಾಟದಿಂದ ಬಿ.ಎ. ಚರಿತ್ರೆಯ ಪತ್ರಿಕೆಯಲ್ಲಿ ಮತ್ತೆ ಬಿದ್ದಿರುವುದರಿಂದ, ಮರುಪರೀಕ್ಷೆಯವರೆಗೆ ನನ್ನನ್ನು ಚಳ್ಳಕೆರೆಯ ಈ ಮನೆಯಲ್ಲಿ ಸೆರೆಯಿಡಲಾಗಿದೆ. ಸೆರೆಯಾಳಿಗೆ ಊಟ ತಿಂಡಿ ಚೆನ್ನಾಗಿದೆ. ಕೆಲಸ ಮಾತ್ರ ಇಲ್ಲ.

ಸಾಮ್ರಾಜ್ಯದ ವಿವರ. ಅವ್ವ ಸೂರಮ್ಮ, ಚಕ್ರವರ್ತಿನಿ. ಅಣ್ಣ ಅಮರೇಶ, ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಸೂಪರ್‌ವೈಸರ್, ಅವ್ವ ಕೆಮ್ಮಿದರೆ ತಾನೂ ಕೆಮ್ಮುವವನು. ಅತ್ತಿಗೆ ಆಶಾ, ದೇವಸಮುದ್ರದವರು, ಮದುವೆಯಾಗಿ ಐದು ವರ್ಷ, ಮಕ್ಕಳಿಲ್ಲ. ಈ ಕೊನೆಯ ಮಾತು ನಮ್ಮ ಮನೆಯಲ್ಲಿ ಅವರ ಹೆಸರಿನ ಮುಂದೆ ಡಿಗ್ರಿಯ ಹಾಗೆ ಅಂಟಿಕೊಂಡಿದೆ. ನನ್ನ ಡಿಗ್ರಿಗಿಂತ ಬೇಗ ಸಿಕ್ಕ ಡಿಗ್ರಿ.

ಮನೆ ಮುಂದಿನ ಕೈತೋಟ ಅತ್ತಿಗೆಯದು. ದಾಸವಾಳ, ನಂದಿಬಟ್ಟಲು, ಕಣಗಿಲೆ, ಕನಕಾಂಬರ. ಗೇಟಿನ ಪಕ್ಕ ಕಾಗದದ ಹೂವಿನ ಗಿಡ. ಅದು ಮದುವೆಯಾದಾಗ ತವರಿನಿಂದ ತಂದ ಕಡ್ಡಿ, ಅದೂ ಕದ್ದದ್ದು. ಕೇಳಿ ತಂದ ಕಡ್ಡಿ ಹತ್ತುವುದಿಲ್ಲ, ಕದ್ದದ್ದೇ ಹತ್ತುವುದು ಎಂದು ಹೆಂಗಸರ ನಂಬಿಕೆ. ಹಾಗಾಗಿ ಅವರ ಊರಿನ ಲಕ್ಷ್ಮಕ್ಕ ಎಂಬುವರು, "ನಾನು ಆ ಕಡೆ ತಿರುಕ್ಕೊಂತೀನಿ, ಮುರ್ಕೊಂಡು ಓಡು ಮಗಳೇ" ಎಂದು ಬೆನ್ನು ತಿರುಗಿಸಿ ನಿಂತು ಕಳ್ಳತನಕ್ಕೆ ಅನುಕೂಲ ಮಾಡಿಕೊಟ್ಟರಂತೆ. ಬಾಡಿಗೆ ಮನೆಯಲ್ಲಿ ಅದು ಎಣ್ಣೆ ಡಬ್ಬದಲ್ಲಿ ಮುದುಡಿಕೊಂಡಿತ್ತು. ಹೋದ ವರ್ಷ ಈ ಸ್ವಂತ ಮನೆಗೆ ಬಂದಮೇಲೆ ನೆಲಕ್ಕೆ ಇಳಿಯಿತು. ಈ ಬೇಸಿಗೆಗೆ ಮೊದಲ ಹೂ ಬಿಡಬೇಕು. ಗೇಟಿನ ಮೇಲೆ ಕಮಾನಿನ ಹಾಗೆ ಹೂ ತುಂಬಿ ಎದುರು ಮನೆಯ ಗುಲ್ಷನ್ ಬೀ ಹೊಟ್ಟೆ ಉರಿದುಕೊಳ್ಳಬೇಕು ಎಂಬುದು ಚಕ್ರವರ್ತಿನಿಯ ಆಸೆ.

ಜನವರಿ 24, ಶುಕ್ರವಾರ

ಗೂಢಚರ್ಯೆಗಾಗಿ ಎದುರು ಮನೆಗೆ ಹೋಗಿದ್ದೆ. ಗುಲ್ಷನ್ ಬೀ ಅವರ ಯಜಮಾನರದು ಲಾರಿ ಸ್ಪೇರ್ ಪಾರ್ಟ್ಸ್ ಅಂಗಡಿ. ಅವರ ಕಾಂಪೌಂಡಿನ ಮೇಲೆ ಕಾಗದದ ಹೂ ರಾಣಿ ಬಣ್ಣದಲ್ಲಿ ಬೆಂಕಿ ಬಿದ್ದ ಹಾಗೆ ಉರಿಯುತ್ತಿದೆ.

"ಬೀಯಮ್ಮ, ಇದಕ್ಕೇನ್ ಹಾಕ್ತೀರಿ?"

"ಏನೂ ಹಾಕಲ್ಲ ಬೇಟಾ. ಅದೇ ಗುಟ್ಟು. ನೀರು ಕುಡಿಸಿದ್ರೆ ಸೊಪ್ಪು, ಒಣಗಿಸಿದ್ರೆ ಹೂ. ಪ್ಯಾಸ್ ಆಗ್ಬೇಕು ಅದಕ್ಕೆ, ಬಾಯಾರಿಕೆ." ಆಮೇಲೆ ದನಿ ತಗ್ಗಿಸಿ, "ನಿಮ್ಮ ಅಮ್ಮಂಗೆ ಹೇಳ್ಬ್ಯಾಡ. ನಿಮ್ಮ ಗೃಹಪ್ರವೇಶದ ದಿನ ನನ್ನ ಗಿಡ ನೋಡಿ, 'ಹೈವೇ ಡಿವೈಡರ್‌ನಾಗೂ ಇಂಥದ್ದೇ ಐತೆ ಬಿಡ್ರಿ' ಅಂದ್ರು. ಒಂದು ಸೀಸನ್ ಕಾಯ್ಲಿ."

ಆಹಾ. ನೀರು ಕೊಟ್ಟರೆ ಹೂ ಬಿಡದ ಗಿಡ! ಸೆರೆಯಾಳಿಗೆ ಕೆಲಸ ಸಿಕ್ಕಿತು. ಮಧ್ಯಾಹ್ನ ಅವ್ವ ಧಾರಾವಾಹಿಯ ಮುಂದೆ ಕುಳಿತಾಗ ಗಿಡದ ಬುಡಕ್ಕೆ ದಿನಾ ನೀರು. ವಾರಕ್ಕೊಮ್ಮೆ ಅಣ್ಣ ಮಿಲ್ಲಿನಿಂದ ತಂದಿಟ್ಟಿರುವ ಶೇಂಗಾ ಹಿಂಡಿ ನೆನೆಸಿದ ನೀರು. ಇಡೀ ಚಳ್ಳಕೆರೆಯಲ್ಲಿ, ಪೆಟ್ರೋಲ್ ಬಂಕು ಡಿವೈಡರುಗಳಲ್ಲೆಲ್ಲ ಕಾಗದದ ಹೂ ಬಿಡುತ್ತಿರುವಾಗ ಚಕ್ರವರ್ತಿನಿಯ ಗೇಟಿನಲ್ಲಿ ಮಾತ್ರ ಸೊಪ್ಪು! ಇದನ್ನು ಶ್ರೀ ಚಿರಂಜೀವಿ ಏತ ನೀರಾವರಿ ಯೋಜನೆ ಎಂದು ಕರೆಯತಕ್ಕದ್ದು.

ಫೆಬ್ರವರಿ 9, ಭಾನುವಾರ

ಯೋಜನೆ ಭರದಿಂದ ಸಾಗಿದೆ. ಎಲೆಗಳು ವೀಳ್ಯದೆಲೆಯಷ್ಟಾಗಿವೆ. ಮೊಗ್ಗಿನ ಸುಳಿವಿಲ್ಲ.

ಅವ್ವ ಇವತ್ತು ಗೇಟಿನ ಹತ್ತಿರ ಸೊಂಟಕ್ಕೆ ಕೈಯಿಟ್ಟು ನಿಂತಳು. "ಏನ್ ಗಿಡ ತಂದೆ ಆಶಾ? ತಿಂದು ತಿಂದು ಕೊಬ್ಬೈತೆ, ಒಂದು ಹೂವಿಗೆ ಗತಿಯಿಲ್ಲ."

"ಬಿಡ್ತೈತೆ ಅತ್ತೆ."

"ನಿನ್ ಹಂಗೇ ಐತೆ ಅದೂ."

ಅಣ್ಣ ನಕ್ಕ. ನಾನೂ ನಕ್ಕೆ. ಸಮಯಕ್ಕೆ ಸರಿಯಾಗಿ ಬಂದ ಮಾತು, ನಗದೆ ಇರಲಾಗಲಿಲ್ಲ. ಅತ್ತಿಗೆಯೂ ಸ್ವಲ್ಪ ನಕ್ಕಂತೆ ಮಾಡಿ ಒಳಗೆ ಹೋದರು.

ಊಟಕ್ಕೆ ಹೋಳಿಗೆ. ನನ್ನ ತಟ್ಟೆಗೆ ಒಂದು ಹೆಚ್ಚು ಬಿತ್ತು. ಯಾಕೋ ತಿಳಿಯದು. ಇನ್ನೊಂದು ವಿಚಿತ್ರ: ಮಧ್ಯಾಹ್ನ ನಾನು ನಲ್ಲಿಯ ಹತ್ತಿರ ಹೋಗುವಷ್ಟರಲ್ಲಿ ಬಕೆಟ್ ತುಂಬಿಯೇ ಇರುತ್ತದೆ. ಪ್ರಕೃತಿಯೂ ಯೋಜನೆಗೆ ಸಹಕರಿಸುತ್ತಿದೆ.

ಫೆಬ್ರವರಿ 17, ಸೋಮವಾರ

ಹೂ ಬಿಡದ ಗಿಡಕ್ಕೆ ನಾಚಿಕೆಯಾಗಲಿ ಎಂದು ಅವ್ವ ಹಳೇ ಪೊರಕೆ ಮತ್ತು ಹಳೇ ಚಪ್ಪಲಿ ಕಟ್ಟಿದಳು. ಚಪ್ಪಲಿ ನನ್ನದು. ಅಷ್ಟೇನೂ ಹಳೆಯದಲ್ಲ. ರಾಷ್ಟ್ರಕ್ಕಾಗಿ ತ್ಯಾಗ.

ಕಟ್ಟುವುದಕ್ಕೆ ಸ್ಟೂಲು ಹಿಡಿದುಕೊಂಡವರು ಅತ್ತಿಗೆ.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಮೂವರೂ ಜಟಿಂಗ ರಾಮೇಶ್ವರಕ್ಕೆ ಹೋಗಿ ಬಂದರು. ಬರಿಗಾಲಿನಲ್ಲಿ ಬೆಟ್ಟ ಹತ್ತುವ ಹರಕೆ. ಹರಕೆ ಹೊತ್ತವಳು ಅವ್ವ, ಕಾಲು ಅತ್ತಿಗೆಯದು. ನಾನು ಓದುವ ನೆಪದಲ್ಲಿ ಮನೆಯಲ್ಲಿ ಉಳಿದು ನೀರಾವರಿ ಇಲಾಖೆಯನ್ನು ನೋಡಿಕೊಂಡೆ.

ಅತ್ತಿಗೆಯ ಅಂಗಾಲಿನಲ್ಲಿ ಬೊಬ್ಬೆ ಎದ್ದಿವೆ. ಬಂದವರೇ ಗೇಟಿನಲ್ಲಿ ಬಗ್ಗಿ ಗಿಡದ ಬುಡದ ಮಣ್ಣು ಮುಟ್ಟಿ ನೋಡಿದರು. ಹಸಿ ಇತ್ತು. ಸಿಕ್ಕಿಬಿದ್ದೆ ಎಂದುಕೊಂಡೆ. ಅತ್ತಿಗೆ ನನ್ನ ಕಡೆ ನೋಡಿ, ಸೆರಗಿನಿಂದ ಕೊಬ್ಬರಿ ಸಕ್ಕರೆಯ ಪೊಟ್ಟಣ ತೆಗೆದು ಕೈಗಿಟ್ಟರು. "ನಿಂಗೇ ಅಂತ ಎತ್ತಿಟ್ಟಿದ್ದೆ ಚಿರು."

ಪಾಪ, ಈ ಹೆಂಗಸಿಗೆ ಒಂದಿಷ್ಟೂ ಅನುಮಾನವಿಲ್ಲ. ಇಂಥವರಿಗೆ ಮೋಸ ಮಾಡುವುದರಲ್ಲಿ ಮಜಾ ಕಡಿಮೆ.

ಮಾರ್ಚ್ 2, ಭಾನುವಾರ

ದೇವಾನಾಂಪ್ರಿಯನಿಗೆ ಇಂದು ಆಯುಧ ಸಿಕ್ಕಿತು.

ಗಿಡವನ್ನು ಹೆದರಿಸುವ ಶಾಸ್ತ್ರ. ಒಬ್ಬರು ಕೊಡಲಿ ಎತ್ತಿ ಕಡಿಯುತ್ತೇನೆ ಎನ್ನಬೇಕು. ಇನ್ನೊಬ್ಬರು ಅಡ್ಡ ಬಂದು, ಬೇಡ, ಇದೊಂದು ಸಲ ಬಿಡಿ ಎಂದು ಮೂರು ಸಲ ಬೇಡಬೇಕು. ಆಗ ಗಿಡಕ್ಕೆ ಭಯ ಹುಟ್ಟಿ ಹೂ ಬಿಡುತ್ತದೆ. ಕೊಡಲಿ ನನಗೆ, ಬೈಗುಳ ಅವ್ವನಿಗೆ, ಬೇಡುವ ಪಾತ್ರ ಅತ್ತಿಗೆಗೆ.

ನಾನು ಕೊಡಲಿ ಎತ್ತಿ, "ಎಲೈ ಕಾಗದ ಪುಷ್ಪವೇ! ನಿನ್ನ ಪಾಪದ ಕೊಡ ತುಂಬಿತು!" ಎಂದು ಗರ್ಜಿಸಿದೆ. ಬೀದಿಯಲ್ಲಿ ಹೋಗುತ್ತಿದ್ದ ಆಟೊ ನಿಂತಿತು. ಎದುರು ಮನೆಯಿಂದ ಗುಲ್ಷನ್ ಬೀ, "ಅರೆ, ಬ್ಯಾಡ ಬಿಡ್ರಿ ಸೂರಮ್ಮ, ಮಾಫ್ ಮಾಡ್ರಿ ಅದಕ್ಕೆ!" ಎಂದು ನಗುತ್ತ ಕೂಗಿದರು.

"ಹೊರಗಿನವರು ಬೇಡಿದ್ರೆ ಲೆಕ್ಕಕ್ಕಿಲ್ಲ. ಮನೆಯವ್ರೇ ಬೇಡ್ಬೇಕು," ಎಂದಳು ಅವ್ವ. ಆಮೇಲೆ ಶುರು ಮಾಡಿದಳು. "ಮನೆ ಅನ್ನ ತಿಂದೆ, ಮನೆ ನೀರು ಕುಡಿದೆ. ಐದು ವರ್ಷ ಆತು. ಒಂದು ಕೊಟ್ಟೆಯಾ? ಇಂಥದ್ದನ್ನ ಬಾಗ್ಲಾಗೆ ಯಾಕೆ ಇಟ್ಕೋಬೇಕು?"

ಗಿಡ ನೆಲಕ್ಕಿಳಿದು ಒಂದೇ ವರ್ಷ. ಮತ್ತೆ, ಅವ್ವ ನೋಡುತ್ತಿದ್ದದ್ದು ಗಿಡದ ಕಡೆ ಅಲ್ಲ.

"ಕಡೀಬ್ಯಾಡಿ. ಬಿಡ್ತೈತೆ," ಎಂದರು ಅತ್ತಿಗೆ. ಎರಡನೇ ಸಲವೂ ಅಂದರು. ಮೂರನೇ ಸಲಕ್ಕೆ ದನಿ ಬರಲಿಲ್ಲ, ತುಟಿ ಅಷ್ಟೇ ಆಡಿತು. ಎಂಥಾ ಅಭಿನಯ! ಕೊಡಲಿ ಎತ್ತಿದ ಕೈ ನೋಯುತ್ತಿದ್ದರಿಂದ ನಾನು ಬೇಗ ಇಳಿಸಿದೆ.

ಅವ್ವ ಗೇಟಿನಲ್ಲೇ ಆಟೊದವನಿಗೂ ಕೇಳುವಂತೆ ಹೇಳಿದಳು. "ಯುಗಾದಿ ತಂಕ ನೋಡ್ತೀನಿ. ಆಮೇಲೆ ಗಿಡಾನೂ ಇರಲ್ಲ, ತಂದೋಳೂ ಇರಲ್ಲ."

ತಮಾಷೆಗೆ ಅಂದಿರಬೇಕು.

ಮಾರ್ಚ್ 9, ಭಾನುವಾರ

ತಮಾಷೆಗೆ ಅಂದದ್ದಲ್ಲ. ಅವ್ವ ಮತ್ತು ಅಣ್ಣ ಬೆಳಿಗ್ಗೆ ಸೀರೆ ತರುತ್ತೇವೆಂದು ಮೊಳಕಾಲ್ಮೂರಿಗೆ ಹೋದರು. ಸೀರೆಯ ಜೊತೆಗೆ ಒಂದು ಹುಡುಗಿಯನ್ನೂ ನೋಡಿ ಬಂದಿದ್ದಾರೆ. ಕಾವ್ಯ ಅಂತ ಹೆಸರಂತೆ. ಅಣ್ಣ ಸಂಜೆಯಿಂದ ಸುಮ್ಮಸುಮ್ಮನೆ ಮೀಸೆ ನೀವಿಕೊಳ್ಳುತ್ತಿದ್ದಾನೆ.

ಡಾಕ್ಟರು ಅತ್ತಿಗೆಯಲ್ಲಿ ಏನೂ ತೊಂದರೆಯಿಲ್ಲ, ಗಂಡನನ್ನೂ ಪರೀಕ್ಷೆ ಮಾಡಿಸಿ ಎಂದು ಎರಡು ವರ್ಷದ ಹಿಂದೆಯೇ ಹೇಳಿದ್ದರು. ಅಣ್ಣ ಹೋಗಲಿಲ್ಲ. ಪರೀಕ್ಷೆಗೆ ಹೆದರುವುದು ನಮ್ಮ ವಂಶದ ಗುಣ.

ತಂದ ಸೀರೆಗೆ ಫಾಲ್ ಹಚ್ಚಲು ಅತ್ತಿಗೆಗೆ ಕೊಟ್ಟಳು ಅವ್ವ. ಯಾರಿಗೆ ಸೀರೆ ಎಂದು ಅತ್ತಿಗೆ ಕೇಳಲಿಲ್ಲ. ಹಚ್ಚುತ್ತಾ ಕುಳಿತರು.

ಮಾರ್ಚ್ 10, ಸೋಮವಾರ

ಏತ ನೀರಾವರಿ ಯೋಜನೆಯನ್ನು ತಾಂತ್ರಿಕ ಕಾರಣಗಳಿಂದ ನಿಲ್ಲಿಸಲಾಗಿದೆ. ಹೇಗೂ ಬೋರ್ ಹೊಡೆದಿತ್ತು.

ಯುಗಾದಿಗೆ ಇನ್ನೂ ಟೈಮಿದೆ. ಬಿಸಿಲೂ ಚೆನ್ನಾಗಿದೆ.

ಮಾರ್ಚ್ 18, ಮಂಗಳವಾರ

ಗಿಡದ ಬುಡ ಹಸಿಯಾಗಿದೆ! ನಾನು ಒಂದು ಹನಿ ಹಾಕಿಲ್ಲ. ಮಧ್ಯಾಹ್ನ ಕಿಟಕಿಯಲ್ಲಿ ಕಾದೆ. ಅತ್ತಿಗೆ. ತುಂಬಿದ ಬಕೆಟ್ಟು ಎರಡು ಕೈಯಲ್ಲಿ ಹಿಡಿದು ಬಂದು ನಿಧಾನವಾಗಿ ಸುರಿದರು.

ಓಡಿಹೋದೆ. "ಏನ್ ಅತ್ತಿಗೆ, ಅದಕ್ಯಾಕೆ ನೀರು?"

"ನಿಂಗೆ ಓದೋದಿರ್ತೈತಲ್ಲ. ನಾನೇ ಹಾಕ್ತೀನಿ ಬಿಡು."

ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು. ನೀರು ಹಾಕಬೇಡಿ, ನೀರು ಹಾಕಿದರೆ ಹೂ ಬಿಡುವುದಿಲ್ಲ. ಹೇಳಿದರೆ ಮುಂದಿನ ಪ್ರಶ್ನೆ: ಮತ್ತೆ ನೀನ್ಯಾಕೆ ಹಾಕುತ್ತಿದ್ದೆ? ಅದಕ್ಕೆ ಉತ್ತರ ಓದಿಕೊಂಡಿರಲಿಲ್ಲ.

"ನೀರು ಉಳಿಸಿ, ಜೀವ ಉಳಿಸಿ!" ಎಂದು ಘೋಷಣೆ ಕೂಗಿ ಒಳಗೆ ಬಂದೆ. ಅತ್ತಿಗೆ ನಕ್ಕರು.

ಬಕೆಟ್ ಬಚ್ಚಿಟ್ಟೆ. ಬಿಂದಿಗೆಯಲ್ಲಿ ಹಾಕುತ್ತಿದ್ದಾರೆ.

ಮಾರ್ಚ್ 29, ಶನಿವಾರ

ಒಂದು ಮೊಗ್ಗೂ ಇಲ್ಲ. ನಾಳೆ ಯುಗಾದಿ.

ಆದರೆ ದೇವಾನಾಂಪ್ರಿಯನ ಬುದ್ಧಿಗೆ ಬರವಿಲ್ಲ. ಅಂಗಡಿಯಿಂದ ರಾಣಿ ಬಣ್ಣದ ತೆಳು ಹಾಳೆ ತಂದು ಅಟ್ಟದಲ್ಲಿ ಕುಳಿತು ಕತ್ತರಿಸುತ್ತಿದ್ದೇನೆ. ಮೂರು ಮೂರು ಎಸಳು ಸೇರಿಸಿ ದಾರ ಸುತ್ತಿದರೆ ದೂರದಿಂದ ಥೇಟ್ ಅದೇ. ಕಾಗದದ ಹೂವಿಗೆ ಕಾಗದದ ಹೂ! ಬೆಳಕು ಹರಿಯುವ ಮುಂಚೆ ಕಟ್ಟಿಬಿಟ್ಟರೆ ಆಯಿತು. ಅವ್ವನಿಗೆ ಕಣ್ಣು ಮಂಜು. ಹಬ್ಬ ಕಳೆದರೆ ಮಾತೂ ಕಳೆಯಿತು.

ಬೆರಳೆಲ್ಲ ಬಣ್ಣ ಹತ್ತಿದೆ. ಸೋಪಿಗೆ ಹೋಗುತ್ತಿಲ್ಲ.

ಮಾರ್ಚ್ 30, ಭಾನುವಾರ, ಯುಗಾದಿ

ಅವ್ವ ರಂಗೋಲಿ ಹಾಕಲು ಬಂದವಳು ಕಿರುಚಿಕೊಂಡಳು. "ಬಿಡ್ತು ಕಣೋ ಅಮರೇಶ! ನೋಡ್ ಬಾರೋ!" ಅಕ್ಕಪಕ್ಕದವರನ್ನೆಲ್ಲ ಕರೆದಳು. ಅತ್ತಿಗೆ ಎಣ್ಣೆ ಹಚ್ಚಿದ ತಲೆಯಲ್ಲೇ ಓಡಿಬಂದು ಬಾಯಿ ತೆರೆದು ನಿಂತರು. ಅವರ ಮುಖವನ್ನು ಅಷ್ಟು ಬೆಳಕಾಗಿ ನಾನು ನೋಡಿರಲಿಲ್ಲ. ಎಲ್ಲ ಸರಿಹೋಯಿತು ಎಂದುಕೊಂಡೆ.

ಅವ್ವ ದೇವರಿಗೆ ಏರಿಸುತ್ತೇನೆಂದು ಒಂದನ್ನು ಕಿತ್ತಳು. ಕಾಗದದ ಹೂವನ್ನು ಯಾರಾದರೂ ದೇವರಿಗೆ ಏರಿಸುತ್ತಾರೆಯೇ? ಇದು ನನ್ನ ಯೋಜನೆಯಲ್ಲಿ ಇರಲಿಲ್ಲ. ಹೂವಿನ ಹಿಂದೆ ದಾರ ಬಂತು. ದಾರ ಎಳೆದಂತೆ ಇನ್ನೊಂದು, ಮತ್ತೊಂದು. ನೆರೆದವರಲ್ಲಿ ಯಾರೋ ಕಿಸಕ್ಕೆಂದರು.

"ಯಾರ್ ಮಾಡಿದ್ದಿದು?"

ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅತ್ತಿಗೆ ನನ್ನ ಪಕ್ಕದಲ್ಲೇ, ಅರ್ಧ ಹೆಜ್ಜೆ ಹಿಂದೆ ನಿಂತಿದ್ದರು. ನನ್ನ ಬೆರಳು ಅವರಿಗೆ ಕಂಡಿರಬೇಕು.

"ನಾನೇ ಅತ್ತೆ," ಎಂದರು.

ಅವ್ವ ಎಲ್ಲರ ಮುಂದೆ ಹೊಡೆದಳು. ಅಣ್ಣ, "ಒಳಗೆ ನಡೀರಿ, ಮರ್ಯಾದೆ ಹೋಗ್ತೈತೆ," ಎಂದ. "ಹೊಟ್ಟೇನೂ ಸುಳ್ಳು, ಹೂವೂ ಸುಳ್ಳು," ಎಂದಳು ಅವ್ವ.

ಬೇವು ಬೆಲ್ಲ ಕೊಟ್ಟಾಗ ಬೆಲ್ಲವನ್ನೇ ಹೆಕ್ಕಿ ತಿಂದೆ.

ಮಾರ್ಚ್ 31, ಸೋಮವಾರ, ರಂಜಾನ್

ಗುಲ್ಷನ್ ಬೀ ಹಬ್ಬದ ಶಾವಿಗೆ ಪಾಯಸ, ಸುರ್‌ಕುಂಬಾ, ಕೊಡಲು ಬಂದರು. ಗೇಟಿನಲ್ಲೇ ನನ್ನನ್ನು ನಿಲ್ಲಿಸಿದರು.

"ನೀರು ನೀನೇ ಹಾಕಿದ್ದು, ಅಲ್ವಾ?"

"ಮೊದ್ಲು ಹಾಕ್ತಿದ್ದೆ. ಈಗ ಇಲ್ಲ ಬೀಯಮ್ಮ."

"ಹೇಳ್ಬಿಡು ಬೇಟಾ. ನಾನೂ ಹೇಳ್ಬ್ಯಾಡ ಅಂದಿದ್ದೆ, ತಪ್ಪಾತು. ಹಬ್ಬದ ದಿನ ನನ್ ಗಂಟಲಾಗೆ ಏನೂ ಇಳೀತಿಲ್ಲ. ನಾನು ಹೇಳಿದ್ರೆ ಹೊರಗಿನವಳು ಅಂತಾರೆ. ನೀನ್ ಮನೆಯವನು."

ನಾಳೆ ಹೇಳುತ್ತೇನೆ ಎಂದೆ. ಸುರ್‌ಕುಂಬಾ ಚೆನ್ನಾಗಿತ್ತು, ಗೋಡಂಬಿ ಬಹಳ ಹಾಕಿದ್ದರು.

ಏಪ್ರಿಲ್ 3, ಗುರುವಾರ

ಅತ್ತಿಗೆಯ ಅಪ್ಪ ಕ್ಯಾತಣ್ಣನವರನ್ನು ಕರೆಸಿದ್ದರು. ದೇವಸಮುದ್ರದಿಂದ ಬೆಳಗಿನ ಬಸ್ಸಿಗೆ ಬಂದು, ಕುರಿ ಕಾಯುವ ಕಂಬಳಿಯನ್ನು ಬಾಗಿಲ ಹೊರಗೇ ಇಟ್ಟು, ಕುರ್ಚಿಯ ಅಂಚಿನಲ್ಲಿ ಕುಳಿತರು.

ಅವ್ವ ಹೇಳುವುದನ್ನೆಲ್ಲ ಹೇಳಿದಳು. ಅವಳ ಕೈಯಲ್ಲಿ ಕೊಡಲಿ ಇರಲಿಲ್ಲ, ಮಾತು ಮಾತ್ರ ಅವತ್ತಿನದೇ.

"ಇದೊಂದು ವರ್ಷ ನೋಡ್ರಿ ಸೂರಮ್ಮಾರೆ," ಎಂದರು ಕ್ಯಾತಣ್ಣ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಅಂದರು. ಮತ್ತೆ ಅಂದರು. ಅವರು ಹೊರಗಿನವರು, ಲೆಕ್ಕಕ್ಕಿಲ್ಲ.

ಮನೆಯವರು ಯಾರಾದರೂ ಬಾಯಿ ಬಿಡಲಿ ಎಂದು ಅವ್ವನೂ ಕಾಯುತ್ತಿದ್ದಾಳೇನೋ ಅನ್ನಿಸಿತು. ಅಣ್ಣ ಮೊಬೈಲು ನೋಡುತ್ತಿದ್ದ. ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ನನ್ನ ಕಡೆ ನೋಡಿದರು. ಆ ಡೈಲಾಗು ನನಗೆ ಬಾಯಿಪಾಠ. ಬ್ಯಾಡ, ಇದೊಂದು ಸಲ ಬಿಡಿ. ಇಷ್ಟೇ.

"ಕಾಫಿ ತರ್ಲಾ?" ಎಂದೆ.

ತಾಯಿ ತಂದೆಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ನಿಜ ಹೇಳಬೇಕು. ಬೆಟ್ಟದ ಶಾಸನದ ಸಾರಾಂಶ, ಪರೀಕ್ಷೆಗೆ ಖಂಡಿತ ಬರುವ ಪ್ರಶ್ನೆ. ಮೊದಲನೆಯದನ್ನು ಪಾಲಿಸಿದ್ದೇನೆ. ಮೂರಕ್ಕೆ ಒಂದು. ಈ ಸಲವೂ ಫೇಲು.

ಅತ್ತಿಗೆ ಮಧ್ಯಾಹ್ನದ ಬಸ್ಸಿಗೆ ಹೋದರು. ಹೋಗುವ ಮುಂಚೆ ಗಿಡಕ್ಕೆ ಒಂದು ಬಿಂದಿಗೆ ನೀರು ಹಾಕಿ, ಬಚ್ಚಿಟ್ಟಿದ್ದ ಬಕೆಟ್ಟನ್ನು ಅದೆಲ್ಲಿಂದಲೋ ಹುಡುಕಿ ತಂದು ನಲ್ಲಿಯ ಕೆಳಗೆ ಇಟ್ಟರು.

ಏಪ್ರಿಲ್ 8, ಮಂಗಳವಾರ

ಗಿಡ ಕಡಿಯಲು ಅವ್ವ ಹೇಳಿದಳು. ಕೊಡಲಿಯ ಕಾವು ಸಡಿಲಾಗಿದೆ ಎಂದೆ.

ಏಪ್ರಿಲ್ 15, ಮಂಗಳವಾರ

ಸೆಖೆ. ಕನಕಾಂಬರ ಒಣಗಿತು. ನಂದಿಬಟ್ಟಲೂ ಎಲೆ ಉದುರಿಸುತ್ತಿದೆ. ಯಾರೂ ನೀರು ಹಾಕುವುದಿಲ್ಲ.

ಏಪ್ರಿಲ್ 27, ಭಾನುವಾರ

ಇವತ್ತು ಏನೂ ಬರೆಯುವುದಿಲ್ಲ.

ಮೇ 11, ಭಾನುವಾರ

ಬಿಟ್ಟಿದೆ.

ಒಂದೆರಡಲ್ಲ. ಎಲೆಯೇ ಕಾಣದಷ್ಟು. ಗೇಟಿನ ಮೇಲಿಂದ ಕಾಂಪೌಂಡಿನ ತುದಿಯವರೆಗೆ, ಪೊರಕೆ, ಚಪ್ಪಲಿ ಎಲ್ಲವನ್ನೂ ಮುಚ್ಚಿಕೊಂಡು, ಗುಲ್ಷನ್ ಬೀ ಅವರದಕ್ಕಿಂತ ಜೋರಾಗಿ. ಇವತ್ತು ಸಂಜೆ ಮೊಳಕಾಲ್ಮೂರಿನವರು ಮನೆ ನೋಡಲು ಬರುತ್ತಾರೆ.

ಅವ್ವ ಬೀದಿಗೆಲ್ಲ ಕೇಳುವಂತೆ ಹೇಳಿದಳು. "ನೋಡಿದ್ರಾ? ಆ ಕಾಲು ಆಚೆ ಹೋಯ್ತು, ಗಿಡ ಹೂ ಬಿಡ್ತು. ನಾನ್ ಹೇಳ್ಲಿಲ್ವಾ?" ಎಲ್ಲರೂ ಹೌದು ಹೌದು ಎಂದರು. ಗುಲ್ಷನ್ ಬೀ ತಮ್ಮ ಕಾಂಪೌಂಡಿನಿಂದ ನನ್ನನ್ನು ನೋಡಿದರು. ಏನೋ ಹೇಳುತ್ತಾರೆ ಎಂದುಕೊಂಡೆ. ಬೆನ್ನು ತಿರುಗಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ಚಿರು, ಫೋಟೊ ತೆಗಿ. ಕಾವ್ಯನ ಮನೆಯವ್ರಿಗೆ ಕಳ್ಸು." ಕಳಿಸಿದೆ. "ಅವ್ಳಿಗೂ ಕಳ್ಸು. ನೋಡ್ಲಿ."

ಅದನ್ನೂ ಕಳಿಸಿದೆ.

ಊಟದ ಹೊತ್ತಿಗೆ ಅತ್ತಿಗೆಯ ಉತ್ತರ ಬಂತು. ಇಲ್ಲಿ ಹಾಗೇ ಇಳಿಸಿಕೊಳ್ಳುತ್ತಿದ್ದೇನೆ.

"ಎಷ್ಟು ಚೆಂದ ಬಿಟ್ಟೈತೆ ಚಿರು. ನೀನು ಕೈ ಬಿಡ್ಲಿಲ್ಲ ನೋಡು ಅದನ್ನ. ದಿನಾ ಮಧ್ಯಾಹ್ನ ನೀನು ಕದ್ದು ನೀರು ಹಾಕ್ತಿದ್ದದ್ದು ನಂಗೆ ಮೊದ್ಲಿಂದ್ಲೂ ಗೊತ್ತು. ಬಕೆಟ್ ತುಂಬಿಸಿ ಇಡ್ತಿದ್ದೋಳು ನಾನೇ. ನೋಡಿದ್ರೆ ನಿಂಗೆ ನಾಚಿಕೆ ಆಗ್ತೈತೆ ಅಂತ ಆ ಕಡೆ ತಿರುಕ್ಕೊಂಡು ನಿಂತ್ಕೊಂತಿದ್ದೆ. ಆ ಮನ್ಯಾಗೆ ನನ್ ಗಿಡಕ್ಕೆ ನೀರು ಹಾಕ್ದೋನು ನೀನೊಬ್ನೇ. ನಾನಿಲ್ಲ ಅಂತ ನಿಲ್ಲಿಸ್ಬ್ಯಾಡಪ್ಪ."

ಬಕೆಟ್ ಅತ್ತಿಗೆ ಇಟ್ಟಲ್ಲೇ, ನಲ್ಲಿಯ ಕೆಳಗೇ ಇತ್ತು. ತುಂಬಿಸಿದೆ. ಬುಡಕ್ಕೆ ಸುರಿದೆ. ಒಣಗಿ ಬಿರುಕು ಬಿಟ್ಟಿದ್ದ ನೆಲ ಸದ್ದು ಮಾಡುತ್ತ ಕುಡಿಯಿತು. ಮತ್ತೆ ತುಂಬಿಸಿದೆ. ನೀರು ಗೇಟು ದಾಟಿ, ರಂಗೋಲಿ ತೊಳೆದುಕೊಂಡು ಬೀದಿಗೆ ಹೋಯಿತು.

"ಲೇ ಚಿರು!" ಅವ್ವ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. "ಜನ ಬರೋ ಹೊತ್ತು ಕಣಲೇ! ಅಂಗಳ ಎಲ್ಲ ಕೆಸರು ಮಾಡ್ತಿದ್ದೀಯಲ್ಲೋ! ಸಾಕು ನಿಲ್ಸೋ!"

ನಲ್ಲಿಯನ್ನು ಪೂರ್ತಿ ತೆರೆದೆ.